ಮೀಟರೂ ಹೇಳದ, ಕ್ಯಾಲೆಂಡರೂ ಹೇಳದ ಆಯುಷ್ಯ

ಹಳೆಯ ಗಾಡಿ ಕೊಳ್ಳಲು ಹೋದವರು ಮೊದಲು ಕೇಳುವುದು ಎರಡು ಪ್ರಶ್ನೆ: ಯಾವ ಮಾಡೆಲ್, ಎಷ್ಟು ಓಡಿದೆ? ಮೀಟರಿನಲ್ಲಿ ಐವತ್ತು ಸಾವಿರ ಕಿಲೋಮೀಟರ್ ಕಂಡರೆ ಮುಖ ಅರಳುತ್ತದೆ. ಮೂರು ಲಕ್ಷ ಕಂಡರೆ ಬಾನೆಟ್ ಎತ್ತುವ ಮೊದಲೇ ವ್ಯಾಪಾರ ಮುರಿದುಬೀಳುತ್ತದೆ. ಸರ್ಕಾರಕ್ಕೆ ಬೇಕಾದದ್ದು ಇನ್ನೂ ಕಡಿಮೆ. ನೋಂದಣಿಯಾಗಿ ಹದಿನೈದು ವರ್ಷವಾಯಿತೇ ಎಂಬುದಷ್ಟೇ ಅದರ ಪ್ರಶ್ನೆ. ಒಬ್ಬರು ಮೀಟರ್ ನಂಬುತ್ತಾರೆ, ಇನ್ನೊಬ್ಬರು ಕ್ಯಾಲೆಂಡರ್ ನಂಬುತ್ತಾರೆ. ವಾಹನ ಇನ್ನೆಷ್ಟು ದಿನ ಬಾಳುತ್ತದೆ ಎಂಬುದನ್ನು ಈ ಎರಡೂ ಸರಿಯಾಗಿ ಹೇಳುವುದಿಲ್ಲ. ಅದು ಹೇಗೆ ಓಡಿದೆ, ಯಾರು ನೋಡಿಕೊಂಡಿದ್ದಾರೆ, ಬಿಡಿಭಾಗ ಸಿಗುತ್ತದೆಯೇ ಎಂಬ ಮೂರು ಸಂಗತಿಗಳ ಮೇಲೆ ಅದರ ಆಯುಷ್ಯ ನಿಂತಿದೆ.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆಯುವ ಹಳದಿ ಬೋರ್ಡಿನ ಹಳೆಯ ಇನ್ನೋವಾಗಳ ಮೀಟರನ್ನು ಒಮ್ಮೆ ನೋಡಿ. ಮೂರು ಲಕ್ಷ, ನಾಲ್ಕು ಲಕ್ಷ ಕಿಲೋಮೀಟರ್ ದಾಟಿದವು ಅಲ್ಲಿ ಅಪರೂಪವೇನಲ್ಲ. ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತವೆ, ಏಳು ಜನ ಮತ್ತು ಅವರ ಲಗೇಜು ಹೊತ್ತು ರಾತ್ರೋರಾತ್ರಿ ತಿರುಪತಿಗೋ ಧರ್ಮಸ್ಥಳಕ್ಕೋ ಹೊರಡುತ್ತವೆ. ಅದೇ ಊರಿನ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಭಾನುವಾರ ಮಾತ್ರ ತರಕಾರಿ ತರಲು ಹೊರಬರುವ ಕಾರುಗಳೂ ಇವೆ. ಹತ್ತು ವರ್ಷಕ್ಕೆ ನಲವತ್ತು ಸಾವಿರ ಕಿಲೋಮೀಟರ್ ಕೂಡ ಓಡಿರುವುದಿಲ್ಲ. ಆದರೂ ಬ್ಯಾಟರಿ ಸತ್ತಿರುತ್ತದೆ, ಟೈರು ಬಿರುಕು ಬಿಟ್ಟಿರುತ್ತದೆ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದಿರುತ್ತದೆ, ಎಂಜಿನ್ ಆಯಿಲ್ ಗಂಜಿಯಾಗಿರುತ್ತದೆ.

ಇದರ ಕಾರಣ ಎಂಜಿನ್ನಿನ ಒಳಗೇ ಇದೆ. ಎಂಜಿನ್ ಓಡುವಾಗ ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ, ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಆಯಿಲಿನ ತೆಳುವಾದ ಪದರವೊಂದು ಇರುತ್ತದೆ. ಆ ಪದರ ಇರುವ ತನಕ ಲೋಹ ಲೋಹವನ್ನು ಮುಟ್ಟುವುದಿಲ್ಲ, ಸವೆತವೂ ಅತ್ಯಲ್ಪ. ಎಂಜಿನ್ ರಾತ್ರಿಯೆಲ್ಲ ನಿಂತರೆ ಆಯಿಲ್ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ಕ್ಷಣ ಪಂಪು ಅದನ್ನು ಮತ್ತೆ ಮೇಲಕ್ಕೆ ತಲುಪಿಸಬೇಕು. ಸವೆತ ಹೆಚ್ಚಾಗುವುದು ಆಗ, ಮತ್ತು ಎಂಜಿನ್ ಇನ್ನೂ ತಣ್ಣಗಿರುವಾಗ. ಒಂದೇ ಸ್ಟಾರ್ಟಿಗೆ ಇನ್ನೂರು ಕಿಲೋಮೀಟರ್ ಓಡುವ ಟ್ಯಾಕ್ಸಿಗೂ ಎರಡು ಕಿಲೋಮೀಟರ್ ಓಡಿ ನಿಲ್ಲುವ ಮನೆಯ ಕಾರಿಗೂ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ಇನ್ನೂರು ಕಿಲೋಮೀಟರ್ ಕೂಡಿಸುವಷ್ಟರಲ್ಲಿ ಟ್ಯಾಕ್ಸಿಯ ಎಂಜಿನ್ ಒಮ್ಮೆ ತಣ್ಣಗೆ ಎದ್ದಿರುತ್ತದೆ, ಮನೆಯ ಕಾರಿನದು ನೂರು ಸಲ.

ಎರಡನೆಯ ಕಾರಣ ನೀರು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹತ್ತಿರಹತ್ತಿರ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಅದರ ಬಹುಪಾಲು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ, ಜೊತೆಗೆ ಉರಿಯದ ಇಂಧನವೂ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದು ಹದಿನೈದು ಇಪ್ಪತ್ತು ನಿಮಿಷ ಓಡಿದರೆ ಈ ನೀರು ಆವಿಯಾಗಿ ಹೋಗುತ್ತದೆ. ಓಡದಿದ್ದರೆ ಅಲ್ಲೇ ಉಳಿದು ಆಮ್ಲಕ್ಕೆ ಕಾರಣವಾಗುತ್ತದೆ, ಆಯಿಲಿನ ಗುಣ ಕೆಡಿಸುತ್ತದೆ, ಬೇರಿಂಗ್ ತಿನ್ನುತ್ತದೆ. ಆಯಿಲ್ ಬದಲಾವಣೆಗೆ ಕಂಪನಿಗಳು ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವನ್ನೂ ಕೊಡುವುದು ಇದಕ್ಕಾಗಿಯೇ. ಗಾಡಿ ಓಡಿಯೇ ಇಲ್ಲ ಎಂದು ಎರಡು ವರ್ಷ ಆಯಿಲ್ ಬದಲಿಸದವರು ಉಳಿಸಿದ ಹಣಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಜಗತ್ತಿನಲ್ಲಿ ಅತಿ ದೂರ ಓಡಿದ ಕಾರುಗಳ ಕತೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ನ್ಯೂಯಾರ್ಕ್ ಸಮೀಪದ ಲಾಂಗ್ ಐಲ್ಯಾಂಡಿನ ವಿಜ್ಞಾನ ಶಿಕ್ಷಕ ಇರ್ವ್ ಗೋರ್ಡನ್ 1966ರಲ್ಲಿ ಕೆಂಪು ಬಣ್ಣದ ವೋಲ್ವೋ ಪಿ1800ಎಸ್ ಕೊಂಡರು. ಶಾಲೆಗೆ ಹೋಗಿಬರುವ ದಾರಿಯೇ ದಿನಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ಇತ್ತು. 2013ರಲ್ಲಿ ಅದೇ ಕಾರು 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿಲೋಮೀಟರ್ ದಾಟಿತು. ಎಂಜಿನ್ನನ್ನು ಮೊದಲ ಸಲ ಬಿಚ್ಚಿ ದುರಸ್ತಿ ಮಾಡಿಸಿದ್ದು ಸುಮಾರು 6,80,000 ಮೈಲಿ ಓಡಿದ ಮೇಲೆ. ಗೋರ್ಡನ್ ಮಾಡಿದ್ದರಲ್ಲಿ ಗುಟ್ಟೇನೂ ಇರಲಿಲ್ಲ. ಕಾರಿನ ಕೈಪಿಡಿ ಓದಿದರು, ಅದು ಹೇಳಿದ ಕಾಲಕ್ಕೆ ಆಯಿಲ್ ಬದಲಿಸಿದರು, ಸಣ್ಣ ಸದ್ದನ್ನೂ ನಾಳೆಗೆ ಮುಂದೂಡಲಿಲ್ಲ. ಗ್ರೀಸ್ ದೇಶದ ಥೆಸಲೋನಿಕಿಯ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಖಿನಿಡಿಸ್ 1976ರ ಮರ್ಸಿಡಿಸ್ 240ಡಿ ಕಾರನ್ನು ಹಳೆಯದಾಗಿಯೇ ಕೊಂಡು 46 ಲಕ್ಷ ಕಿಲೋಮೀಟರ್ ಓಡಿಸಿದರು. 2004ರಲ್ಲಿ ಕಂಪನಿಯೇ ಅದನ್ನು ತನ್ನ ವಸ್ತುಸಂಗ್ರಹಾಲಯಕ್ಕೆ ತರಿಸಿಕೊಂಡಿತು. ಸಖಿನಿಡಿಸ್ ಎಂಜಿನ್ನುಗಳನ್ನು ಇಳಿಸಿ ದುರಸ್ತಿ ಮಾಡಿಸಿ ಮತ್ತೆ ಏರಿಸುತ್ತಲೇ ಇದ್ದರು. ಇಬ್ಬರದೂ ದಿನವೂ ಓಡಿದ ಗಾಡಿ, ಇಬ್ಬರೂ ದುರಸ್ತಿಗೆ ಹಿಂಜರಿದವರಲ್ಲ.

ಎಲ್ಲ ಗಾಡಿಯೂ ಹೀಗೆ ಬಾಳುವುದಿಲ್ಲ ಎಂಬುದೂ ನಿಜ. ಬಾಳುವ ಗಾಡಿಗೆ ಹುಟ್ಟಿನಲ್ಲೇ ಒಂದು ಗುಣ ಬೇಕು. ನಮ್ಮ ಬಿಡದಿಯಲ್ಲೇ ತಯಾರಾದ ಎರಡು ವಾಹನಗಳು ಇದಕ್ಕೆ ಒಳ್ಳೆಯ ಉದಾಹರಣೆ. ಟೊಯೋಟ ಕಿರ್ಲೋಸ್ಕರ್ ಕಂಪನಿ 2000ದಲ್ಲಿ ಕ್ವಾಲಿಸ್ ತಂದಿತು, 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಕ್ವಾಲಿಸ್ಸಿನ ಡೀಸೆಲ್ ಎಂಜಿನ್ 2.4 ಲೀಟರಿನದು, ಅದರಿಂದ ತೆಗೆದ ಶಕ್ತಿ ಬರೀ 75 ಅಶ್ವಶಕ್ತಿ. ಮೊದಲ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ ಕೊಡುತ್ತಿದ್ದುದು 102. ಇಂದಿನ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನುಗಳೂ 100ರಿಂದ 120 ಅಶ್ವಶಕ್ತಿ ಕೊಡುತ್ತವೆ. ದೊಡ್ಡ ಎಂಜಿನ್ನಿನಿಂದ ಕಡಿಮೆ ಕೆಲಸ ತೆಗೆದರೆ ಒಳಗಿನ ಒತ್ತಡ, ಉಷ್ಣ, ಸುತ್ತುವ ವೇಗ ಎಲ್ಲವೂ ಮಿತಿಯೊಳಗೇ ಉಳಿಯುತ್ತವೆ. ಒಂದು ಸರ್ವಿಸ್ ತಡವಾದರೂ ಅಂಥ ಎಂಜಿನ್ನುಗಳು ತಾಳಿಕೊಳ್ಳುತ್ತವೆ. ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡಿದಾಗ ಆ ಮಿತಿಗೆ ಹತ್ತಿರವಾಗಿಯೇ ಕೆಲಸ ನಡೆಯುತ್ತದೆ. ಅವೂ ಬಾಳಬಲ್ಲವು, ಆದರೆ ಆಯಿಲಿನ ದರ್ಜೆಯಲ್ಲೂ ಬದಲಿಸುವ ಅವಧಿಯಲ್ಲೂ ಚೌಕಾಶಿಗೆ ಒಪ್ಪುವುದಿಲ್ಲ.

ಇನ್ನೋವಾಕ್ಕೂ ಕ್ವಾಲಿಸ್ಸಿಗೂ ಇದ್ದ ಇನ್ನೊಂದು ಬಲ ಕೆಳಗಿನ ಚಾಸಿಸ್. ಲಾರಿ, ಜೀಪುಗಳಂತೆ ಅವಕ್ಕೂ ಉಕ್ಕಿನ ಚೌಕಟ್ಟು ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಹಳ್ಳ ದಿಣ್ಣೆಗಳ ಏಟನ್ನು ಚೌಕಟ್ಟು ತಿನ್ನುತ್ತದೆ, ಬಾಡಿ ಸಡಿಲವಾಗುವುದು ತಡವಾಗುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ದಶಕಗಳಷ್ಟು ಹಳೆಯ ಜೀಪುಗಳು ಇಂದಿಗೂ ಗೊಬ್ಬರದ ಚೀಲ ಹೊತ್ತು ಏರು ಹತ್ತುತ್ತಿರುವುದು ಇದರಿಂದಲೇ. ಆರು ತಿಂಗಳ ಮಳೆಗೆ ಬಾಡಿಯ ತಗಡು ತೂತಾದರೆ ಟಿಂಕರಿಂಗ್‌ನವರು ಕತ್ತರಿಸಿ ಹೊಸ ತಗಡು ಕೂರಿಸುತ್ತಾರೆ. ಚಾಸಿಸ್ ಗಟ್ಟಿಯಿರುವ ತನಕ ಜೀಪು ಜೀಪೇ.

ಲಾರಿಗಳ ಎಂಜಿನ್ನಿನಲ್ಲಿ ಇನ್ನೂ ಒಂದು ಅನುಕೂಲವಿದೆ. ಭಾರಿ ಡೀಸೆಲ್ ಎಂಜಿನ್ನುಗಳ ಹೆಚ್ಚಿನವುಗಳಲ್ಲಿ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಪ್ರತ್ಯೇಕ ಕೊಳವೆಯಾಗಿರುತ್ತದೆ. ಅದಕ್ಕೆ ಲೈನರ್ ಎನ್ನುತ್ತಾರೆ. ಲಕ್ಷಾಂತರ ಕಿಲೋಮೀಟರ್ ಓಡಿ ಅದು ಸವೆದಾಗ ಹಳೆಯ ಲೈನರ್ ಕಿತ್ತು ಹೊಸ ಲೈನರ್, ಪಿಸ್ಟನ್, ರಿಂಗು, ಬೇರಿಂಗ್ ಹಾಕಿದರೆ ಎಂಜಿನ್ನಿಗೆ ಎರಡನೆಯ ಆಯುಷ್ಯ ಬರುತ್ತದೆ. ಲಾರಿ ಮಾಲೀಕರು ಎಂಜಿನ್ ಕೆಲಸವನ್ನು ಗಾಡಿಯ ಕೊನೆಯೆಂದು ಎಣಿಸುವುದಿಲ್ಲ, ಬರಲೇಬೇಕಾದ ಖರ್ಚೆಂದು ಮೊದಲೇ ಹಣ ತೆಗೆದಿಡುತ್ತಾರೆ. ನಮ್ಮ ಕೆಎಸ್‌ಆರ್‌ಟಿಸಿ ಕೂಡ ಇತ್ತೀಚಿನ ವರ್ಷಗಳಲ್ಲಿ ಹಲವು ಲಕ್ಷ ಕಿಲೋಮೀಟರ್ ಓಡಿದ ಬಸ್ಸುಗಳನ್ನು ಗುಜರಿಗೆ ಹಾಕದೆ, ತನ್ನದೇ ಕಾರ್ಯಾಗಾರಗಳಲ್ಲಿ ಬಾಡಿಯನ್ನು ಪುನಃ ಕಟ್ಟಿ ರಸ್ತೆಗೆ ಇಳಿಸಿದೆ. ಸಾರ್ವಜನಿಕ ಹಣವನ್ನು ಹೀಗೆ ಉಳಿಸಿದ ಕೆಲಸಗಾರರಿಗೆ ನಾವು ಕೃತಜ್ಞರಾಗಿರಬೇಕು.

ಒಳ್ಳೆಯ ಎಂಜಿನ್ ಒಂದೇ ಇದ್ದರೆ ಸಾಲದು, ಅದರ ಬಿಡಿಭಾಗ ಸಿಗಬೇಕು. ಈ ಪಾಠ ಕಲಿಸಿದ್ದು 1980ರ ದಶಕದ ಮಿನಿ ಲಾರಿಗಳು. ಆಗ ಜಪಾನಿನ ನಾಲ್ಕು ಕಂಪನಿಗಳು ಭಾರತದ ಪಾಲುದಾರರ ಜೊತೆ ಸೇರಿ ಹಗುರ ಲಾರಿಗಳನ್ನು ತಂದವು: ಡಿಸಿಎಂ ಟೊಯೋಟ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ. ಅವುಗಳಿಗೆ ಎದುರಾಗಿ ಟಾಟಾ ಕಂಪನಿ 1986ರಲ್ಲಿ 407 ಬಿಟ್ಟಿತು. ಜಪಾನಿ ಗಾಡಿಗಳು ಕೆಟ್ಟವೇನಾಗಿರಲಿಲ್ಲ. ಆದರೆ ಡಿಸಿಎಂ ಟೊಯೋಟ, ಆಲ್ವಿನ್ ನಿಸಾನ್ ಹೆಸರುಗಳು ಕಾಲಕ್ರಮೇಣ ಮಾರುಕಟ್ಟೆಯಿಂದ ಮರೆಯಾದವು. ಕೊಂಡವರ ಕೈಯಲ್ಲಿ ಗಾಡಿ ಉಳಿಯಿತು, ಅಂಗಡಿಯಲ್ಲಿ ಸಾಮಾನು ಉಳಿಯಲಿಲ್ಲ. 407 ಮಾತ್ರ ತಾಲೂಕು ಕೇಂದ್ರಗಳವರೆಗೂ ಹೋಯಿತು. ಮಣ್ಣು, ಇಟ್ಟಿಗೆ, ತೆಂಗಿನಕಾಯಿ, ಮದುವೆ ದಿಬ್ಬಣ ಎಲ್ಲವನ್ನೂ ಅದು ಹೊತ್ತಿತು. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇಲ್ಲದ ಊರು ಹುಡುಕುವುದು ಕಷ್ಟವಾಯಿತು. ಆ ಗಾಡಿ ಇಷ್ಟು ಕಾಲ ಬಾಳಿದ್ದರಲ್ಲಿ ಕಾರ್ಖಾನೆಯ ಪಾಲು ಎಷ್ಟೋ ಆ ಮೆಕ್ಯಾನಿಕ್‌ಗಳ ಪಾಲೂ ಅಷ್ಟೇ.

ಹಾಗಾಗಿ ಹಳೆಯ ಗಾಡಿ ಕೊಳ್ಳುವವರು ಕಂಪನಿ ಇದೆಯೇ ಎಂದು ಕೇಳಿದರೆ ಸಾಲದು, ಎಂಜಿನ್ ಎಷ್ಟು ಗಾಡಿಗಳಲ್ಲಿ ಬಳಕೆಯಾಗಿದೆ ಎಂದೂ ಕೇಳಬೇಕು. ಷೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರಲ್ಲಿ ನಿಂತಿತು. ಆದರೆ ಅದರ ಸೇಲ್ ಕಾರಿನ 1.3 ಲೀಟರ್ ಡೀಸೆಲ್ ಎಂಜಿನ್ ಫಿಯೆಟ್ ಮೂಲದ್ದು. ಅದೇ ಕುಟುಂಬದ ಎಂಜಿನ್ ಮಾರುತಿಯ ಸ್ವಿಫ್ಟ್, ಡಿಸೈರ್‌ಗಳಲ್ಲೂ ಟಾಟಾದ ವಿಸ್ಟಾದಲ್ಲೂ ಲಕ್ಷಗಟ್ಟಲೆ ಓಡಿದೆ. ಕಂಪನಿ ಹೊರಟುಹೋದರೂ ಎಂಜಿನ್ನಿನ ಹೊಣೆ ಹೊರಬಲ್ಲ ಕೈಗಳು ಉಳಿದವು. ಲೈಟು, ಬಂಪರ್, ಗಾಜಿನಂಥವು ಮಾತ್ರ ಹೊಸದಾಗಿ ಸಿಗುವುದು ಕಷ್ಟ. ಆಗ ನೆರವಿಗೆ ಬರುವುದು ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳು ಮತ್ತು ಜೆ.ಸಿ. ರಸ್ತೆಯ ಬಿಡಿಭಾಗದ ಸಾಲು. ಅಂಥ ಅಂಗಡಿಗಳಲ್ಲಿ ಒಂದು ಹೆಸರು ಹೇಳಿದರೆ ಯಾವ ವರ್ಷದ್ದು, ಯಾವ ಬದಿಯದು ಎಂದು ನೆನಪಿನಿಂದಲೇ ಹೇಳುವವರಿದ್ದಾರೆ. ಯಾವ ಕಾಲೇಜೂ ಪದವಿ ಕೊಡದ ಈ ತಿಳಿವಳಿಕೆ ನಾಡಿನ ಆಸ್ತಿ.

ಇನ್ನು ಮಾಲೀಕರ ಕೈಯಲ್ಲಿರುವ ಆರೈಕೆ. ಮೊದಲನೆಯದು ಉಷ್ಣದ ಹತೋಟಿ. ನಮ್ಮಲ್ಲಿ ಎಂಜಿನ್ನುಗಳು ಸಾಯುವ ಒಂದು ದೊಡ್ಡ ಕಾರಣ ಮಿತಿಮೀರಿದ ಬಿಸಿ. ರೇಡಿಯೇಟರಿನಲ್ಲಿ ನೀರು ಕಡಿಮೆಯಾದರೆ ಸಿಕ್ಕಿದ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಬಯಲುಸೀಮೆಯಲ್ಲಿ ವ್ಯಾಪಕ. ಆ ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ನಿನ ನೀರಿನ ದಾರಿಗಳಲ್ಲೂ ಕಟ್ಟಿಕೊಳ್ಳುತ್ತದೆ. ಕಾಫಿ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವಂತೆಯೇ ಇದು. ಪದರ ದಪ್ಪವಾದಷ್ಟು ಉಷ್ಣ ಹೊರಹೋಗುವುದು ಕಡಿಮೆ. ಒಂದು ದಿನ ಏರಿನಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ ಬಾಗುತ್ತದೆ, ಸಾವಿರ ರೂಪಾಯಿಯಲ್ಲಿ ಮುಗಿಯಬೇಕಿದ್ದದ್ದು ಹತ್ತಾರು ಸಾವಿರಕ್ಕೆ ಬರುತ್ತದೆ. ಕೂಲೆಂಟನ್ನು ಕಂಪನಿ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕುವುದು, ಕೈಪಿಡಿ ಹೇಳಿದ ಅವಧಿಗೆ ಪೂರ್ತಿ ಬದಲಿಸುವುದು, ಹೋಸ್ ಪೈಪು ಮೆತ್ತಗಾಗಿದ್ದರೆ ಒಡೆಯುವ ಮೊದಲೇ ತೆಗೆಯುವುದು, ಇಷ್ಟು ಮಾಡಿದರೆ ಹಳೆಯ ಗಾಡಿಯ ಅರ್ಧ ಭಯ ಕಳೆಯುತ್ತದೆ. ಉಷ್ಣದ ಮುಳ್ಳು ಮೇಲೇರಿದರೆ ಮುಂದಿನ ಊರಿನವರೆಗೆ ಹೇಗೋ ಹೋಗೋಣ ಎನ್ನಬೇಡಿ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.

ಎರಡನೆಯದು ಆಯಿಲ್. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಲು ಒಂದು ನಿಮಿಷ ಸಾಕು. ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಕುಡಿದಷ್ಟನ್ನು ತುಂಬಿಸದೆ ಓಡಿಸುವುದು ಅಪಾಯ. ಡೀಸೆಲ್ ಎಂಜಿನ್ನಿನಲ್ಲಿ ಬದಲಿಸಿದ ಮರುದಿನವೇ ಆಯಿಲ್ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡ ಗುರುತು, ಕೆಟ್ಟಿತೆಂಬ ಗುರುತಲ್ಲ. ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದರೆ ಮಾತ್ರ ನೀರು ಸೇರಿದೆ ಎಂದರ್ಥ, ಆಗ ಗಾಡಿ ಓಡಿಸದೆ ಗ್ಯಾರೇಜಿಗೆ ಹೇಳಿ.

ಮೂರನೆಯದು ರಬ್ಬರು ಮತ್ತು ಬ್ರೇಕ್. ಇವು ಓಡದಿದ್ದರೂ ಮುದಿಯಾಗುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಸವೆಯದಿದ್ದರೂ ಏಳೆಂಟು ವರ್ಷದ ಟೈರನ್ನು ಹೆದ್ದಾರಿಯ ಬಿಸಿಲಿಗೆ ನಂಬಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಸೇರಿದ ಬ್ರೇಕ್ ಆಯಿಲ್ ಘಾಟಿ ಇಳಿಯುವಾಗ ಕುದಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಸಣ್ಣ ಖರ್ಚಿನ ದೊಡ್ಡ ರಕ್ಷಣೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಕೈಪಿಡಿ ಹೇಳಿದ ಅಂತರ ದಾಟಿಸಲೇಬಾರದು. ಬೆಲ್ಟ್ ಹರಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವುಗಳಿಗೆ ಬಡಿಯುತ್ತದೆ. ಮೊದಲ ತಲೆಮಾರಿನ ಡೀಸೆಲ್ ಇನ್ನೋವಾದಲ್ಲೂ ಬೆಲ್ಟೇ ಇರುವುದು. ಎಂಥ ಗಟ್ಟಿ ಎಂಜಿನ್ನನ್ನೂ ಅದೊಂದು ಮರೆವು ಕೊಲ್ಲಬಲ್ಲದು.

ನಾಲ್ಕನೆಯದು ತುಕ್ಕು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಬಾಡಿಯ ಆಯುಷ್ಯ ಎಂಜಿನ್ನಿನ ಆಯುಷ್ಯಕ್ಕಿಂತ ಮೊದಲು ಮುಗಿಯುತ್ತದೆ. ಮಳೆಗಾಲ ಮುಗಿದ ಕೂಡಲೇ ಅಡಿಭಾಗಕ್ಕೆ ವಾಟರ್ ಸರ್ವಿಸ್ ಮಾಡಿಸಿ ಕೆಸರು ತೊಳೆಯಬೇಕು, ಬಾಗಿಲ ಕೆಳಗಿನ ನೀರಿಳಿಯುವ ತೂತುಗಳನ್ನು ಬಿಡಿಸಬೇಕು, ಬಣ್ಣ ಎದ್ದ ಕಡೆ ತಕ್ಷಣ ಹಚ್ಚಬೇಕು. ಚಿತ್ರದುರ್ಗದ ಒಣಹವೆಯಲ್ಲಿ ಬೆಳೆದ ಗಾಡಿಗೂ ಕಡಲ ಬದಿ ಬೆಳೆದ ಗಾಡಿಗೂ ವರ್ಷ ಒಂದೇ ಆದರೂ ಅಡಿಭಾಗ ಒಂದೇ ಆಗಿರುವುದಿಲ್ಲ.

ಓಡಿಸುವ ಕೈಯೂ ಆರೈಕೆಯೇ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಹಳೆಯ ಲಾರಿ ಚಾಲಕರ ನಿಯಮ. ಆಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ ಮಾಡಿ ಇಳಿಸುವುದು ಜೀವದ ಜೊತೆ ಆಟ. ಟರ್ಬೊ ಇರುವ ಗಾಡಿಯಾದರೆ ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬೇಡಿ. ಒಂದು ನಿಮಿಷ ಹಾಗೇ ಬಿಟ್ಟರೆ ಕೆಂಪಗೆ ಕಾದ ಟರ್ಬೊಗೆ ಆಯಿಲ್ ಹರಿದು ತಂಪಾಗುತ್ತದೆ.

ಇಷ್ಟನ್ನೂ ನೆನಪಿನಲ್ಲಿಡುವುದು ಯಾರಿಗೂ ಆಗದು. ಅದಕ್ಕೇ ಡ್ಯಾಷ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇರಲಿ. ದಿನಾಂಕ, ಕಿಲೋಮೀಟರ್, ಮಾಡಿಸಿದ ಕೆಲಸ, ಹಾಕಿಸಿದ ಸಾಮಾನು, ಕೊಟ್ಟ ಹಣ ಅದರಲ್ಲಿ ದಾಖಲಾಗಲಿ. ಡೀಸೆಲ್ ಕುಡಿಯುವುದು ಏರುತ್ತಿದೆಯೇ, ಆಯಿಲ್ ಎಷ್ಟು ದಿನಕ್ಕೆ ಇಳಿಯುತ್ತಿದೆ ಎಂಬುದು ಕಾಣುವುದು ಅಂಥ ಪುಸ್ತಕದಲ್ಲೇ. ಮಾರುವ ದಿನ ಬಂದರೆ ಹೊಸ ಪೇಂಟಿಗಿಂತ ಆ ಪುಸ್ತಕಕ್ಕೆ ಬೆಲೆ ಹೆಚ್ಚು.

ಕೊಳ್ಳುವವರೂ ಮೀಟರಿಗಿಂತ ಅದನ್ನೇ ಕೇಳಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸುವ ದಂಧೆ ಇದೆ ಎಂಬುದು ಎಲ್ಲರಿಗೂ ಗೊತ್ತು. ಮೂವತ್ತು ಸಾವಿರ ಎಂದು ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಸ್ಟೇರಿಂಗ್ ಹೊಳೆಯುತ್ತಿದ್ದರೆ ನಂಬಬೇಡಿ. ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಸೇರುತ್ತಿರಬಹುದು. ಡೀಸೆಲ್ ಗಾಡಿಯಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ಗಾಳಿಯ ಫಿಲ್ಟರ್, ಇಂಜೆಕ್ಟರ್, ಟರ್ಬೊ ನೋಡಿಸಬೇಕು. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಚಿಮ್ಮಿದರೆ ರಿಂಗುಗಳು ಸವೆದಿವೆ. ನಂಬಿಕೆಯ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು ಗಾಡಿಯನ್ನು ಎತ್ತಿಸಿ ಅಡಿಭಾಗ ತೋರಿಸಿ. ಎಲ್ಲ ದಾಖಲೆಯಿರುವ ಮೂರು ಲಕ್ಷ ಕಿಲೋಮೀಟರಿನ ಗಾಡಿ, ದಾಖಲೆಯೇ ಇಲ್ಲದ ಎಂಬತ್ತು ಸಾವಿರದ ಗಾಡಿಗಿಂತ ಎಷ್ಟೋ ವಾಸಿ.

ಹಣದ ಲೆಕ್ಕವೂ ಹಳೆಯದರ ಪರವಾಗಿಯೇ ಇದೆ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. ಹದಿನೈದು ಲಕ್ಷದ ಕಾರಿಗೆ ಶೇಕಡಾ 17ರಂತೆ 2.55 ಲಕ್ಷ ರೂಪಾಯಿ ತೆರಿಗೆ, ಅದರ ಮೇಲೆ ಸೆಸ್ ಬೇರೆ. ಸಾಲದ ಬಡ್ಡಿ, ವಿಮೆ, ಮೊದಲ ಕೆಲವು ವರ್ಷಗಳಲ್ಲೇ ಕರಗುವ ಬೆಲೆ ಇವನ್ನೆಲ್ಲ ಸೇರಿಸಿ ನೋಡಿ. ಚೆನ್ನಾಗಿರುವ ಹಳೆಯ ಕಾರಿಗೆ ಕ್ಲಚ್, ಸಸ್ಪೆನ್ಷನ್, ರೇಡಿಯೇಟರ್, ನಾಲ್ಕು ಟೈರು ಎಲ್ಲವನ್ನೂ ಹೊಸದಾಗಿ ಹಾಕಿಸಿದರೂ ಸಾಮಾನ್ಯ ಮಾಡೆಲ್ಲುಗಳಲ್ಲಿ ಆ ತೆರಿಗೆಯ ಮೊತ್ತ ತಲುಪುವುದು ಅಪರೂಪ. ಆದರೆ ಹಳೆಯ ಗಾಡಿಯ ಖರ್ಚು ಕಂತಿನಂತೆ ಹೇಳಿ ಬರುವುದಿಲ್ಲ. ತಿಂಗಳಿಗಿಷ್ಟೆಂದು ಬೇರೆ ತೆಗೆದಿಟ್ಟವರಿಗೆ ಮಾತ್ರ ಈ ಉಳಿತಾಯ ದಕ್ಕುತ್ತದೆ.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಹಳೆಯ ಡೀಸೆಲ್ ಎಂಜಿನ್ ಹೊಸದಕ್ಕಿಂತ ಹೆಚ್ಚು ಕೊಳಕು ಉಗುಳುತ್ತದೆ. ಬಿಎಸ್-4 ಮಾನದಂಡದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6ರಲ್ಲಿ ಆ ಮಿತಿ 4.5 ಮಿಲಿಗ್ರಾಂ. ಬಿಎಸ್-4ಕ್ಕೂ ಹಿಂದಿನ ಗಾಡಿಗಳಿಗೆ ಇನ್ನೂ ಹೆಚ್ಚಿನ ಸಡಿಲಿಕೆ ಇತ್ತು. ಈ ಮಸಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ನಗರದ ಮಕ್ಕಳು ಅದನ್ನು ಉಸಿರಾಡುತ್ತಾರೆ. ಹೊಸ ಕಾರು ತಯಾರಿಸಲು ಬೇಕಾದ ಉಕ್ಕು, ಅಲ್ಯುಮಿನಿಯಂ, ವಿದ್ಯುತ್ತಿಗೂ ಪರಿಸರದ ಬೆಲೆಯಿದೆ ಎಂಬುದು ಸರಿ. ಹಾಗೆಂದು ದಿನವೂ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಲ್ಲುವ ಹೊಗೆಯ ಡೀಸೆಲ್ ಗಾಡಿಯನ್ನು ಸಮರ್ಥಿಸಲಾಗದು. ಹಳೆಯ ಗಾಡಿ ಇಟ್ಟುಕೊಳ್ಳುವ ಹಕ್ಕಿನ ಜೊತೆ ಅದು ಹೊಗೆ ಕಾರದಂತೆ ನೋಡಿಕೊಳ್ಳುವ ಹೊಣೆಯೂ ಬರುತ್ತದೆ.

ಸುರಕ್ಷತೆಯ ಮಾತೂ ಇದೆ. 2019ರಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿವೆ. ಅದಕ್ಕೂ ಹಳೆಯ ಅನೇಕ ಕಾರುಗಳಲ್ಲಿ ಎರಡೂ ಇಲ್ಲ. ಅಂಥ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿ ಹೆದ್ದಾರಿಯಲ್ಲಿ ನೂರರ ಮೇಲೆ ಓಡಿಸುವುದು ತಪ್ಪು. ಊರೊಳಗಿನ ಕೆಲಸಕ್ಕೆ, ತೋಟಕ್ಕೆ, ನಿಧಾನದ ರಸ್ತೆಗಳಿಗೆ ಅದು ಸಾಕು. ಚಾಸಿಸ್ ಅಥವಾ ಬಾಡಿಯ ಮುಖ್ಯ ಪಟ್ಟಿಗಳಿಗೆ ತುಕ್ಕು ತಗುಲಿ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಬಿದ್ದಿದ್ದರೆ, ಎಷ್ಟು ಸಲ ರಿಪೇರಿ ಮಾಡಿಸಿದರೂ ಅದೇ ದೋಷ ಮರುಕಳಿಸುತ್ತಿದ್ದರೆ, ಹೊಗೆ ಹತೋಟಿಗೆ ಬಾರದಿದ್ದರೆ ಆ ಗಾಡಿಯನ್ನು ಬಿಡುವ ಕಾಲ ಬಂದಿದೆ. ಆಗ ಮೋಹ ಸಲ್ಲದು.

ಆದರೆ ಬಿಡುವ ಕಾಲವನ್ನು ಯಾರು, ಯಾವ ಅಳತೆಯಿಂದ ನಿರ್ಧರಿಸಬೇಕು? ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವನ್ನೇ ಕೊಡಬಾರದೆಂದು ಹೊರಟ ಕ್ರಮವನ್ನು ಜನರ ವಿರೋಧದ ನಡುವೆ ಕೆಲವೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು. ಆ ನಿಯಮದಡಿ ಹತ್ತು ವರ್ಷದಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಓಡಿ ಒಪ್ಪವಾಗಿರುವ ಡೀಸೆಲ್ ಕಾರೂ ಒಂದೇ, ಆರು ಲಕ್ಷ ಓಡಿ ಹೊಗೆಯುಗುಳುವ ಗಾಡಿಯೂ ಒಂದೇ ಆಗಿತ್ತು. ಒಂಬತ್ತು ವರ್ಷದ, ಆದರೆ ಆರೈಕೆಯೇ ಕಾಣದ ಗಾಡಿಗೆ ಅಲ್ಲಿ ತಡೆಯೇ ಇರಲಿಲ್ಲ.

ಕರ್ನಾಟಕದಲ್ಲಿ ನಮಗೆ ಅಂಥ ನಿಷೇಧವಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದೈದು ವರ್ಷಕ್ಕೆ ಮುಂದುವರಿಯುತ್ತದೆ. 2022ರ ಏಪ್ರಿಲ್ 1ರಿಂದ ಈ ನವೀಕರಣದ ಕೇಂದ್ರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಲಾಯಿತು. ಶುಲ್ಕ ಏರಿಸುವುದರಿಂದ ಗಾಳಿ ಶುದ್ಧವಾಗುವುದಿಲ್ಲ, ತಪಾಸಣೆ ಕಟ್ಟುನಿಟ್ಟಾದರೆ ಆಗುತ್ತದೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಕಡ್ಡಾಯ ತಪಾಸಣೆಯಿದೆ. ಜರ್ಮನಿಯಲ್ಲೂ ಹಾಗೆಯೇ. ಬ್ರಿಟನ್ನಿನಲ್ಲಿ ಮೂರು ವರ್ಷದ ನಂತರ ಪ್ರತಿವರ್ಷ. ಬ್ರೇಕ್, ದೀಪ, ಟೈರು, ತುಕ್ಕು, ಹೊಗೆ ಎಲ್ಲವನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಪಾಸಾದ ಗಾಡಿ ಮೂವತ್ತು ವರ್ಷದ್ದಾದರೂ ಓಡಬಹುದು. ಫೇಲಾದದ್ದು ಐದು ವರ್ಷದ್ದಾದರೂ ರಿಪೇರಿಯಾಗಿಯೇ ಬರಬೇಕು.

ನಮಗೆ ಬೇಕಾದದ್ದು ಈ ನ್ಯಾಯವೇ. ಹೊಗೆ ಪರೀಕ್ಷೆ ಬಿಟ್ಟರೆ ಖಾಸಗಿ ಕಾರನ್ನು ಹದಿನೈದು ವರ್ಷ ಯಾರೂ ಮುಟ್ಟಿ ನೋಡದೆ, ಆಮೇಲೆ ಒಮ್ಮೆಗೇ ಮುದಿಯೆಂದು ಕರೆಯುವುದರಲ್ಲಿ ಅರ್ಥವಿಲ್ಲ. ಏಳೆಂಟು ವರ್ಷಕ್ಕೇ ತಪಾಸಣೆ ಶುರುವಾಗಲಿ. ಅದು ಕಾಗದದ ಮೇಲೆ ಮುಗಿಯದೆ, ಯಂತ್ರದ ಮೇಲೆ ಬ್ರೇಕು ಅಳೆದು, ಸೈಲೆನ್ಸರಿಗೆ ಸಲಕರಣೆ ಇಟ್ಟು ಹೊಗೆ ಅಳೆದು, ಅಡಿಭಾಗ ಎತ್ತಿ ನೋಡಿ ನಡೆಯಲಿ. ಎಂಜಿನ್ ಬಿಚ್ಚಿ ಜೋಡಿಸಬಲ್ಲ ಊರೂರಿನ ಮೆಕ್ಯಾನಿಕ್‌ಗಳಿಗೆ ಹೊಸ ಸಲಕರಣೆಯ ತರಬೇತಿ ಸಿಗಲಿ. ಕಂಪನಿಗಳು ಮಾಡೆಲ್ ನಿಲ್ಲಿಸಿದ ಮೇಲೂ ಬಿಡಿಭಾಗವನ್ನು ವರ್ಷಗಟ್ಟಲೆ ಒದಗಿಸುವುದನ್ನು ಕಾನೂನು ಖಾತ್ರಿ ಮಾಡಲಿ. ಇಷ್ಟಾದರೆ ಹಳೆಯ 407 ನಂಬಿ ಬದುಕುವ ಮಾಲೀಕನಿಗೂ, ಅಪ್ಪ ಕೊಟ್ಟ ಕಾರನ್ನು ಜತನ ಮಾಡಿಕೊಂಡ ಮಗಳಿಗೂ, ಅವರ ಪಕ್ಕದಲ್ಲಿ ಉಸಿರಾಡುವ ನಮಗೆಲ್ಲರಿಗೂ ಒಂದೇ ನ್ಯಾಯ ಸಿಗುತ್ತದೆ. ಚೆನ್ನಾಗಿ ನೋಡಿಕೊಂಡವರ ಗಾಡಿ ಉಳಿಯುತ್ತದೆ, ನೋಡಿಕೊಳ್ಳದವರದು ಅದು ಎಷ್ಟೇ ಹೊಸದಾದರೂ ರಸ್ತೆಯಿಂದ ಇಳಿಯುತ್ತದೆ.